ಐದನೇ ಬಾಗಿಲಿನ ಬಿರುಕು

"ತೂಕ ಅಷ್ಟೇ ಇದೆ, ಮೊಳೆ ಮಾವ."

ತೂಕದ ಯಂತ್ರದ ಮುಳ್ಳು ಎರಡು ಸಲ ಅಲುಗಾಡಿ ನಿಂತಿತು. ವಿಮೆ ಮೇಡಂ ಮುಳ್ಳನ್ನೊಮ್ಮೆ, ಕೈಯಲ್ಲಿದ್ದ ವರದಿಯನ್ನೊಮ್ಮೆ ನೋಡಿದಳು.

"ಮಂಗಳವಾರ ಪೆಟ್ಟಿಗೆ ಬಿಚ್ಚಿದಾಗ ಎಷ್ಟಿತ್ತೋ ಈಗಲೂ ಅಷ್ಟೇ. ಚೌಕಟ್ಟು ಅದೇ, ಒಳಗಿನ ಚಿತ್ರದ ಹಲಗೆ ಮಾತ್ರ ಬೇರೆ. ಆ ಹಲಗೇನೂ ಅಷ್ಟೇ ಭಾರ ಇದೆ. ಕೈಗೆ ಹಗುರ ಅನ್ನಿಸಿತು, ಅದರಿಂದ ನಕಲು ಅಂತ ಗೊತ್ತಾಯ್ತು ಅಂದ್ರಲ್ಲ?"

ಮುದುಕ ತನ್ನ ಎರಡೂ ಅಂಗೈಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡ. ಮೂವತ್ತೆಂಟು ವರ್ಷ ಗೋಡೆಗಳಿಗೆ ಮೊಳೆ ಹೊಡೆದು ಚಿತ್ರ ತೂಗುಹಾಕಿದ ಕೈಗಳು. ಅದಕ್ಕೇ ಚಿತ್ರಮೇಳದವರೆಲ್ಲ, ದೊಡ್ಡವರು ಚಿಕ್ಕವರೆನ್ನದೆ, ಅವನನ್ನು ಮೊಳೆ ಮಾವ ಎಂದೇ ಕರೆಯುತ್ತಿದ್ದರು.

"ಕೈಗೆ ವಯಸ್ಸಾಯ್ತು ತಾಯಿ," ಅಂದ. "ಸುಳ್ಳು ಹೇಳೋದು ಕಲಿತುಬಿಟ್ಟಿದೆ."

"ಕೈ ಅಲ್ಲ ಮಾವ, ಬಾಯಿ."

ಅವನು ನಕ್ಕ. ನಗು ಅರ್ಧಕ್ಕೇ ನಿಂತಿತು.

ಮಂಗಳವಾರ ಅವನು ತೂಗುಹಾಕಿದ್ದು ಅಸಲಿ ಚಿತ್ರ. ಶುಕ್ರವಾರವಾದ ಇವತ್ತು ಬೆಳಿಗ್ಗೆ ಅದೇ ಮೊಳೆಯಲ್ಲಿದ್ದದ್ದು ನಕಲು. ನಡುವೆ ಎರಡು ದಿನ ಹಾಲ್‌ಗೆ ಬೀಗ ಬಿದ್ದಿತ್ತು. ಬೀಗದ ಕೈ ಮೂರಿದ್ದವು. ಎರಡು ದೊಡ್ಡವರ ಹತ್ತಿರ ಇದ್ದವು; ಅವರನ್ನು ಯಾರೂ ಕೇಳಲಿಲ್ಲ. ಒಂದು ಮೊಳೆ ಮಾವನ ಸೊಂಟದಲ್ಲಿತ್ತು.

ನಕಲು ಎಂದು ಮೊದಲು ಕೂಗಿದವನೂ ಅವನೇ. ಧೂಳು ಒರೆಸಲು ಹೋದವನು ಚಿತ್ರದ ಮುಂದೆ ಗರ ಬಡಿದವನ ಹಾಗೆ ನಿಂತು, "ಇದಲ್ಲ! ಇದು ಅದಲ್ಲ!" ಎಂದುಬಿಟ್ಟಿದ್ದ. ತಜ್ಞರು ಓಡಿಬಂದು, ದೀಪ ಹಿಡಿದು, ಭೂತಗನ್ನಡಿ ಹಿಡಿದು, ಕೊನೆಗೆ ಹಲಗೆಯ ಹಿಂಬದಿ ಕೆರೆದು ನೋಡಿದ ಮೇಲಷ್ಟೇ ಹೌದೆಂದು ತಲೆಯಾಡಿಸಿದರು. ಮರ ಹೊಸದು.

ಮೇಳದ ನಿರ್ದೇಶಕರ ಪ್ರಶ್ನೆ ಇದ್ದದ್ದು ಅಲ್ಲೇ. ನಾಲ್ವರು ತಜ್ಞರು ಮರ ಕೆರೆದು ಕಂಡುಕೊಂಡದ್ದನ್ನು ಈ ಮೊಳೆ ಹೊಡೆಯುವವನು ಆರು ಅಡಿ ದೂರದಿಂದ ಹೇಗೆ ಕಂಡ? ಕಳ್ಳನಿಗಲ್ಲದೆ ಇನ್ಯಾರಿಗೆ ಹಾಗೆ ಗೊತ್ತಾಗುತ್ತದೆ?

ಪ್ರಶ್ನೆ ಸರಿಯಾಗಿಯೇ ಇತ್ತು. ವಿಮೆ ಮೇಡಂಗೆ ಇಷ್ಟವಾಗದಿದ್ದದ್ದು ಉತ್ತರ.

"ಹನ್ನೊಂದಕ್ಕೆ ಜನರನ್ನ ಒಳಗೆ ಬಿಡಬೇಕು," ಎಂದು ನಿರ್ದೇಶಕರು ಗಡಿಯಾರ ಮುಟ್ಟಿ ಹೇಳಿದ್ದರು. "ಅಷ್ಟರೊಳಗೆ ಅವನ ಬಾಯಿಂದ ಬೇರೆ ಹೆಸರು ಬಂದರೆ ಸರಿ. ಇಲ್ಲ ಅಂದರೆ ಇನ್ಸ್‌ಪೆಕ್ಟರ್ ಕರೆದುಕೊಂಡು ಹೋಗ್ತಾರೆ. ಅಲ್ಲಿವರೆಗೂ ನಕಲನ್ನೇ ಗೋಡೆ ಮೇಲಿಡಿ. ಮೂವತ್ತು ದೇಶದವರು ಬರ್ತಿದ್ದಾರೆ, ಖಾಲಿ ಗೋಡೆ ತೋರಿಸೋಕಾಗುತ್ತಾ?"

ಈಗ ಹತ್ತೂ ಕಾಲು. ಇನ್ಸ್‌ಪೆಕ್ಟರ್ ನಿರ್ದೇಶಕರ ಕೋಣೆಯಲ್ಲಿ ಎರಡನೇ ಟೀ ಕುಡಿಯುತ್ತಿದ್ದರು.

ಮೊಳೆ ಮಾವ ನಕಲನ್ನು ಮಗುವನ್ನೆತ್ತಿದ ಹಾಗೆ ಎತ್ತಿ ಮತ್ತೆ ಮೊಳೆಗೆ ಸಿಕ್ಕಿಸಿದ. ಒಂದು ಹೆಜ್ಜೆ ಹಿಂದೆ ಬಂದ. ಎಡಗಣ್ಣು ಮುಚ್ಚಿ ನೋಡಿ ಬಲಮೂಲೆಯನ್ನು ಒಂದು ಕೂದಲಷ್ಟು ಮೇಲೆತ್ತಿದ.

"ನಕಲಿಗೂ ಇಷ್ಟು ಮರ್ಯಾದೆನಾ?"

"ಅದೇನು ಪಾಪ ಮಾಡಿದೆ ತಾಯಿ? ನೋಡಿ ಹೇಗಿದೆ."

ಅವಳು ನೋಡಿದಳು.

ಸುಟ್ಟ ಗೋದಾಮು, ಹಳ್ಳಕ್ಕುರುಳಿದ ಲಾರಿ, ಮುಳುಗಿದ ದೋಣಿ ನೋಡಿ ನೋಡಿ ಹನ್ನೊಂದು ವರ್ಷ ಕಳೆದವಳು ಅವಳು. ವಿಮೆ ಕಂಪನಿಯ ಪತ್ತೆ ಕೆಲಸದಲ್ಲಿ ಚಿತ್ರ ನೋಡುವ ಪ್ರಸಂಗ ಬಂದದ್ದೇ ಇದು ಮೊದಲು. ಬೆಳಿಗ್ಗೆ ಒಳಗೆ ಕಾಲಿಟ್ಟಾಗಿನಿಂದ ಇಲ್ಲಿನ ಗೋಡೆಗಳು ಅವಳ ಮಾತನ್ನು ಕಿತ್ತುಕೊಳ್ಳುತ್ತಲೇ ಇದ್ದವು.

ಉದ್ದದ ಊಟದ ಮೇಜು. ಬಿಳಿ ಬಟ್ಟೆ ಹಾಸಿದೆ. ಏಳು ತಟ್ಟೆ. ಪ್ರತಿ ತಟ್ಟೆಯಲ್ಲೂ ಗೇಣುದ್ದದ ಒಂದು ಬಾಗಿಲು ನಿಂತಿದೆ, ಅರೆತೆರೆದು. ಮೊದಲ ಬಾಗಿಲ ಹಿಂದೆ ನಸುಕು. ಎರಡನೆಯದರ ಹಿಂದೆ ಬಿಸಿಲೇರುವ ಹೊತ್ತು. ಮೂರರಲ್ಲಿ ಉರಿಮಧ್ಯಾಹ್ನ. ಹೀಗೆ ಒಂದೊಂದು ತಟ್ಟೆಗೂ ಒಂದೊಂದು ಆಕಾಶ ಬಡಿಸಿದ್ದರು. ಏಳನೇ ಬಾಗಿಲು ಮಾತ್ರ ಬೆರಳು ಹೋಗುವಷ್ಟೇ ಸಂದು ಬಿಟ್ಟು ಮುಚ್ಚಿಕೊಂಡಿತ್ತು. ಆ ಸಂದಿನಿಂದ ಬೀಳುವ ಬೆಳಕು ಯಾವ ಹೊತ್ತಿನದೆಂದು ಹೇಳಲು ಬರುತ್ತಿರಲಿಲ್ಲ. ಅಂಥ ಹೊತ್ತು ದಿನದಲ್ಲಿ ಇಲ್ಲ.

ಬರೆದಾಕೆ ಬದುಕಿನಲ್ಲಿ ಬರೆದದ್ದು ಹನ್ನೊಂದೇ ಚಿತ್ರ, ಇದು ಕೊನೆಯದು ಎಂದು ಪಕ್ಕದ ಫಲಕ ಹೇಳುತ್ತಿತ್ತು.

ಇದು ನಕಲು, ಇದು ನಕಲು ಎಂದು ಅವಳು ಮನಸ್ಸಿನಲ್ಲೇ ಹೇಳಿಕೊಂಡಳು. ಮೈಮೇಲಿನ ಕೂದಲು ಆ ಮಾತು ಕೇಳಲಿಲ್ಲ. ನಿಮಿರಿಯೇ ಇತ್ತು.

ಭೂತಗನ್ನಡಿ ತೆಗೆದು ಹಲಗೆಯ ಹತ್ತಿರ ಬಾಗಿದಳು. ವರದಿಯ ಜೊತೆ ಒಂದೊಂದೇ ಗುರುತು ಹೋಲಿಸತೊಡಗಿದಳು. ಬೇರೆ ಊರಿಗೆ ಹೋಗುವ ಪ್ರತಿ ಚಿತ್ರಕ್ಕೂ ಇಂಥ ಸ್ಥಿತಿ ವರದಿ ಇರುತ್ತದೆ. ಎಲ್ಲಿ ಬಣ್ಣ ಸಿಡಿದಿದೆ, ಎಲ್ಲಿ ಕಲೆಯಿದೆ, ಎಲ್ಲಿ ಹುಳ ತೂತು ಕೊರೆದಿದೆ ಎಲ್ಲವನ್ನೂ ಪಾರದರ್ಶಕ ಹಾಳೆಯ ಮೇಲೆ ಗುರುತು ಮಾಡಿರುತ್ತಾರೆ. ಮೂಲೆಯ ಕಲೆ ಇದೆ. ಅಂಚಿನ ಎರಡು ತೂತು ಇವೆ. ಮೇಜಿನ ಕಾಲ ಬಳಿ ಬಣ್ಣ ಎದ್ದದ್ದೂ ಇದೆ. ನಕಲು ಮಾಡಿದವನು ಒಂದನ್ನೂ ಬಿಟ್ಟಿರಲಿಲ್ಲ.

ಐದನೇ ಬಾಗಿಲಿಗೆ ಬಂದಾಗ ಅವಳ ಕೈ ನಿಂತಿತು.

ಸಂಜೆಯ ಆಕಾಶದಲ್ಲಿ ಉಗುರಿನಷ್ಟುದ್ದದ ಒಂದು ಬಿರುಕು. ಕುಡುಗೋಲಿನ ಹಾಗೆ ಬಾಗಿದ್ದು. ವರದಿಯಲ್ಲಿ ಅದು ಇಲ್ಲ.

ಉಸಿರು ಬಿಗಿಹಿಡಿದು ಇನ್ನೂ ಹತ್ತಿರ ಹೋದಳು. ಬಿರುಕಿಗೆ ಆಳವೇ ಇರಲಿಲ್ಲ. ಒಂದು ಕಡೆ ಕಪ್ಪು, ಅದಕ್ಕಂಟಿ ಒಂದು ಬಿಳಿ ಗೆರೆ. ಒಂದೇ ಕೂದಲಿನ ಕುಂಚ ಹಿಡಿದು ಎಳೆದದ್ದು.

ಅದು ಬಿರುಕಲ್ಲ. ಬಿರುಕಿನ ಚಿತ್ರ.

"ಮಾವ, ಇದನ್ನ ನೋಡಿದ್ರಾ?"

ಅವಳು ತಿರುಗಿದರೆ ಮೊಳೆ ಮಾವ ಬೇರೆಲ್ಲೋ ನೋಡುತ್ತ ಸೊಂಟದ ಸುತ್ತಿಗೆಯನ್ನು ಒರೆಸುತ್ತಿದ್ದ. ಸುತ್ತಿಗೆಯ ಮೇಲೆ ಏನೂ ಇರಲಿಲ್ಲ.

"ಇದನ್ನ ನೋಡಿಯೇ ಬೆಳಿಗ್ಗೆ ಕೂಗಿದ್ದು ಅಲ್ವಾ ನೀವು? ಇದು ಅಸಲಿಯಲ್ಲಿ ಇರಲಿಲ್ಲ. ಅದು ನಿಮಗೆ ಗೊತ್ತಿತ್ತು. ಅದನ್ನೇ ಹೇಳಿದ್ದರೆ ಮುಗಿದುಹೋಗ್ತಿತ್ತಲ್ಲ? ತೂಕದ ಕಥೆ ಯಾಕೆ ಕಟ್ಟಿದ್ರಿ?"

"ನನಗೆ ಕಣ್ಣು ಅಷ್ಟು ಚುರುಕಿಲ್ಲ ತಾಯಿ."

"ಒಂದು ಕೂದಲಷ್ಟು ಓರೆಯಾದರೆ ಕಾಣೋ ಕಣ್ಣು."

ಅವನು ಸುತ್ತಿಗೆಯನ್ನು ಮತ್ತೆ ಸೊಂಟಕ್ಕೆ ಸಿಕ್ಕಿಸಿಕೊಂಡ.

ಹತ್ತೂ ಇಪ್ಪತ್ತೈದು.

ಇಲ್ಲದ ಬಿರುಕನ್ನು ನಕಲುಗಾರ ಯಾಕೆ ಬರೆದ? ಇಷ್ಟು ನಿಷ್ಠೆಯಿಂದ ಹುಳದ ತೂತನ್ನೂ ಬಿಡದೆ ಬರೆದವನು ತನ್ನ ಕೈಯಿಂದ ಒಂದನ್ನು ಸೇರಿಸುತ್ತಾನೆಯೇ? ಇಲ್ಲ. ಅವನಿಗೆ ಅದು ಎಲ್ಲೋ ಕಂಡಿರಬೇಕು.

ವಿಮೆ ಮೇಡಂ ಪೆಟ್ಟಿಗೆ ಕೋಣೆಯ ಕಡೆ ಬಿರುಸಾಗಿ ನಡೆದಳು.

ಅಲ್ಲಿಗೆ ಹೋಗಲು ಇಡೀ ಮೇಳವನ್ನು ದಾಟಬೇಕು. ಸರ್ರಿಯಲಿಸ್ಟ್ ಚಿತ್ರಕಲೆಗೆಂದೇ ಕಟ್ಟಿದ ಮೇಳ. ನೂರು ವರ್ಷದ ಕನಸುಗಳನ್ನು ಮೂವತ್ತು ದೇಶಗಳಿಂದ ಪೆಟ್ಟಿಗೆಯಲ್ಲಿ ತುಂಬಿ ತಂದಿದ್ದರು. ನೋಡುವುದಿಲ್ಲ ಎಂದುಕೊಂಡೇ ಅವಳು ನಡೆದಳು. ಆದರೆ ಕಣ್ಣು ಯಾರ ಮಾತು ಕೇಳುತ್ತದೆ?

ಒಂದು ಚಿತ್ರದಲ್ಲಿ ಬಟ್ಟೆ ಒಣಹಾಕುವ ಹಗ್ಗದ ಮೇಲೆ ಯಾರೋ ನದಿಯನ್ನು ಮಡಿಸಿ ಹಾಕಿದ್ದರು. ಮಡಿಕೆಯಿಂದ ಒಂದೊಂದೇ ಮೀನು ಕೆಳಗೆ ತೊಟ್ಟಿಕ್ಕುತ್ತಿತ್ತು. ಇನ್ನೊಂದರಲ್ಲಿ ಮಂಚದ ಮೇಲೆ ಬೆಟ್ಟ ಮಲಗಿತ್ತು, ಹೊದಿಕೆಯನ್ನು ಕತ್ತಿನವರೆಗೂ ಎಳೆದುಕೊಂಡು, ಚಳಿಯಾದವರ ಹಾಗೆ. ಮತ್ತೊಂದರಲ್ಲಿ ಬೀದಿ ತುಂಬ ನೆರಳುಗಳು ನಡೆದಾಡುತ್ತಿದ್ದವು. ಅವುಗಳ ಕಾಲ ಕೆಳಗೆ ನೆಲಕ್ಕಂಟಿಕೊಂಡು ಮನುಷ್ಯರು ಎಳೆದಾಡಿಸಿಕೊಳ್ಳುತ್ತಿದ್ದರು.

ಅಲ್ಲಿ ಅವಳ ಹೆಜ್ಜೆ ತಾನಾಗಿ ನಿಧಾನವಾಯಿತು. ಇದೆಲ್ಲ ಸುಳ್ಳು ಎಂದು ಹೇಳಿಬಿಡುವುದು ಸುಲಭ. ಆದರೆ ಆ ನೆರಳುಗಳಲ್ಲಿ ಒಂದು, ಎಳೆಯುವ ಭಾರಕ್ಕೆ ಭುಜ ತಗ್ಗಿಸಿ ನಡೆಯುತ್ತಿದ್ದ ಒಂದು, ಅವಳಿಗೆ ಚೆನ್ನಾಗಿ ಪರಿಚಯವಿದ್ದವರ ಹಾಗಿತ್ತು.

ಹಿಂದೆ ಮೊಳೆ ಮಾವನ ಚಪ್ಪಲಿ ಸದ್ದು. ಅವನೂ ಬರುತ್ತಿದ್ದ. ಅವನ ಹೆಜ್ಜೆಯಲ್ಲಿ ಅವಸರವಿತ್ತು.

ಪೆಟ್ಟಿಗೆ ಕೋಣೆಯಲ್ಲಿ ಅವನ ಸೊಸೆ ಒಬ್ಬಳೇ ಕೂತಿದ್ದಳು. ಹಳೆಯ ಚಿತ್ರಗಳನ್ನು ದುರಸ್ತಿ ಮಾಡುವ ಕೆಲಸ ಅವಳದು. ಸ್ಥಿತಿ ವರದಿ ಬರೆಯುವವಳೂ ಅವಳೇ. ಮೇಳದವರು ಡಾಕ್ಟ್ರಮ್ಮ ಎನ್ನುತ್ತಿದ್ದರು. ಕಣ್ಣು ಕೆಂಪಾಗಿದ್ದವು. ವಿಮೆ ಮೇಡಂ ಒಳಬಂದ ಕೂಡಲೇ ಎದ್ದು ಎರಡು ಹೆಜ್ಜೆ ಹಿಂದೆ ಸರಿದಳು.

"ಏಳು ಬಾಗಿಲಿನ ಚಿತ್ರ ಬಂದ ಪೆಟ್ಟಿಗೆ ಯಾವುದು?"

ಸೊಸೆ ಕೈತೋರಿಸಿದಳು.

ವಿಮೆ ಮೇಡಂ ಮುಚ್ಚಳ ಸರಿಸಿ ಒಳಗೆ ಕೈಯಾಡಿಸಿದಳು. ಬದಿಯ ಮೆತ್ತೆಯಲ್ಲಿ ಎರಡು ಕಚ್ಚುಗಳಿದ್ದವು, ವಸ್ತು ಅಲುಗಾಡದಂತೆ ಸಿಕ್ಕಿಸಿಡಲು. ಒಂದು ಅಗಲ, ಚೌಕಟ್ಟಿನದು. ಅದಕ್ಕೆ ತಾಗಿಯೇ ಮುಂದೆ ಇನ್ನೊಂದು, ಬಹಳ ಸಣ್ಣದು.

"ಇದೇನಿದು? ಚಿತ್ರದ ಜೊತೆ ಇನ್ನೇನು ಬಂದಿತ್ತು ಇದರಲ್ಲಿ?"

"ನಾನೇ ಮಾಡಿದ್ದು!"

ಬಾಗಿಲಲ್ಲಿ ಮೊಳೆ ಮಾವ. ಏದುಸಿರು ಬಿಡುತ್ತಿದ್ದ.

"ಏನು ನೀವೇ ಮಾಡಿದ್ದು?"

"ಕದ್ದದ್ದು. ಚಿತ್ರ. ನಾನೇ ಬದಲಾಯಿಸಿದ್ದು. ಬರ್ಕೊಳ್ಳಿ. ಎಲ್ಲಿ ಸಹಿ ಹಾಕಬೇಕು ಹೇಳಿ, ಹಾಕ್ತೀನಿ."

"ಮಾವ!" ಸೊಸೆ ಚೀರಿದಳು.

"ನೀನು ಸುಮ್ನಿರಮ್ಮ. ದೊಡ್ಡವರು ಮಾತಾಡ್ತಿದ್ದೀವಿ."

ವಿಮೆ ಮೇಡಂ ಪೆಟ್ಟಿಗೆಯ ಅಂಚಿನ ಮೇಲೆ ಕೂತಳು. "ಸರಿ. ಹೇಗೆ ಬದಲಾಯಿಸಿದ್ರಿ?"

"ಹೇಗೆ ಅಂದ್ರೆ... ಹೀಗೆ. ಅದನ್ನ ತೆಗೆದೆ, ಇದನ್ನ ಹಾಕಿದೆ."

"ನಕಲು ಯಾರು ಬರೆದುಕೊಟ್ಟರು?"

"ಒಬ್ಬ."

"ಅಸಲಿ ಎಲ್ಲಿದೆ?"

"ಹೊಳೆಗೆ ಎಸೆದೆ."

"ಮರದ ಹಲಗೆ ತೇಲುತ್ತೆ ಮಾವ."

ಅವನು ಸ್ವಲ್ಪ ಯೋಚಿಸಿದ. "ಕಲ್ಲು ಕಟ್ಟಿ ಎಸೆದೆ."

ವಿಮೆ ಮೇಡಂಗೆ ನಗು ಬಂತು. ಮಾಡದ ಕಳ್ಳತನವನ್ನು ಇಷ್ಟು ಕೆಟ್ಟದಾಗಿ ಒಪ್ಪಿಕೊಳ್ಳುವವರನ್ನು ಅವಳು ಹನ್ನೊಂದು ವರ್ಷದಲ್ಲಿ ಕಂಡಿರಲಿಲ್ಲ.

"ಅದೆಲ್ಲ ಇರಲಿ. ಈ ಸಣ್ಣ ಕಚ್ಚಿನಲ್ಲಿ ಏನಿತ್ತು?"

ಮುದುಕನ ಮುಖದಲ್ಲಿದ್ದ ಬಣ್ಣವೆಲ್ಲ ಇಳಿದುಹೋಯಿತು. ಹೇಳಿದ್ದು ಸೊಸೆ. ಬಹಳ ಸಣ್ಣ ದನಿಯಲ್ಲಿ.

"ಗಾಜು."

ಅದು ಪೆಟ್ಟಿಗೆಗಳ ಹಿಂದೆ, ಕಂಬಳಿಯಲ್ಲಿ ಸುತ್ತಿಟ್ಟಿತ್ತು. ಹಳೆಯ ಗಾಜು, ಅಂಚು ಹಸಿರಿಗೆ ತಿರುಗಿತ್ತು. ದಾರಿಯಲ್ಲಿ ಒಡೆದರೂ ಚೂರು ಚದುರದ ಹಾಗೆ ಮೂಲೆಯಿಂದ ಮೂಲೆಗೆ ಅಂಟಿಸಿದ್ದ ಕಾಗದದ ಟೇಪು ಇನ್ನೂ ಹಾಗೇ ಇತ್ತು. ವಿಮೆ ಮೇಡಂ ಅದನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದಳು.

ಎರಡು ಟೇಪುಗಳ ನಡುವೆ, ಉಗುರಿನಷ್ಟುದ್ದ, ಒಂದು ಗೀರು.

"ಬನ್ನಿ ಇಬ್ಬರೂ," ಎಂದಳು.

ಮೂವರೂ ಮತ್ತೆ ಆ ಕನಸುಗಳ ನಡುವೆ ಹಾದು ಬಂದರು. ಹತ್ತೂ ನಲವತ್ತು. ಹೊರಬಾಗಿಲ ಆಚೆ ಜನ ಸೇರಿದ ಗುಜುಗುಜು ಆಗಲೇ ಕೇಳಿಸುತ್ತಿತ್ತು.

"ಮಾವ, ಹಿಡೀರಿ. ಹಲಗೆಗೆ ಮೂಲೆಗೆ ಮೂಲೆ ಸೇರಿಸಿ ಇಡಿ. ನಿಮ್ಮಷ್ಟು ಸರಿಯಾಗಿ ಇನ್ಯಾರೂ ಇಡೋಕಾಗಲ್ಲ."

ಅವನು ಗಾಜನ್ನು ಒಂದೇ ಸಲಕ್ಕೆ ಚೌಕಟ್ಟಿನೊಳಗೆ ಕೂರಿಸಿದ. ಕೆಲಸಕ್ಕೆ ಅಷ್ಟು ಒಗ್ಗಿದ ಕೈ ಅದು.

ಗಾಜಿನ ಗೀರು ಇಳಿದು ಐದನೇ ಬಾಗಿಲಿನ ಬಿರುಕಿನ ಮೇಲೆ ಕೂತಿತು. ತಲೆಗೆ ತಲೆ, ಬಾಲಕ್ಕೆ ಬಾಲ. ಕಪ್ಪು ಗೆರೆ ಗೀರಿನ ಅಡಿಯಲ್ಲಿ ಮಾಯವಾಯಿತು.

ಮೂವರ ತಲೆಗಳೂ ಗಾಜಿನ ಹತ್ತಿರಕ್ಕೆ ಬಾಗಿದವು.

"ಅಯ್ಯೋ ದೇವರೇ," ಎಂದ ಮೊಳೆ ಮಾವ. ಭಯದಿಂದಲ್ಲ, ಮಕ್ಕಳು ಮೊದಲ ಸಲ ಸಮುದ್ರ ನೋಡಿದಾಗ ಹೇಳುವ ಹಾಗೆ. "ಗಾಜಿನ ಗೀರನ್ನ ಬರೆದಿದ್ದಾನೆ! ಗೀರಿನ ನೆರಳನ್ನೂ ಬಿಟ್ಟಿಲ್ಲ ಕಣ್ರೀ!"

ವಿಮೆ ಮೇಡಂಗೆ ಹೊಳೆದದ್ದು ಇನ್ನೂ ದೊಡ್ಡದು.

"ಬರೆದವನು ಅಸಲಿ ಚಿತ್ರವನ್ನ ಕಣ್ಣಲ್ಲಿ ಕಂಡೇ ಇಲ್ಲ."

ಕಾಣದೆ ಈ ಏಳು ಆಕಾಶ. ಕಾಣದೆ ಆ ಏಳನೇ ಸಂದಿನ ಬೆಳಕು. ಫೋಟೋ ಮತ್ತು ಕಾಗದ ಮಾತ್ರ ಮುಂದಿಟ್ಟುಕೊಂಡು ತಿಂಗಳುಗಟ್ಟಲೆ ಕೂತ ಯಾರದೋ ಬೆನ್ನು ಅವಳ ಕಣ್ಣಮುಂದೆ ಬಂತು. ಕಳ್ಳನ ಬಗ್ಗೆ ಇಂಥ ಗೌರವ ಹುಟ್ಟಬಾರದು. ಹುಟ್ಟಿತು.

"ಹೇಳಿ ಡಾಕ್ಟ್ರಮ್ಮ," ಎಂದಳು ಸೊಸೆಯ ಕಡೆ ತಿರುಗಿ. "ಮಂಗಳವಾರದ ವರದಿ ಎರಡನೆಯದು. ಮೊದಲನೆಯದು ಒಂದಿತ್ತು. ಅದರಲ್ಲಿ ಈ ಬಿರುಕಿತ್ತು."

ಸೊಸೆ ಮಾವನ ಮುಖ ನೋಡಿದಳು. ಮಾವ ಬೇಡವೆಂದು ತಲೆಯಾಡಿಸಿದ.

"ಅವರು ಜೈಲಿಗೆ ಹೋಗೋಕೆ ಚಪ್ಪಲಿ ಹಾಕ್ಕೊಂಡು ನಿಂತಿದ್ದಾರೆ," ಎಂದಳು ವಿಮೆ ಮೇಡಂ. "ನೀವು ಬಿಡ್ತೀರಾ?"

ಅಷ್ಟೇ ಸಾಕಾಯಿತು.

"ನಾಲ್ಕು ತಿಂಗಳ ಹಿಂದೆ," ಸೊಸೆ ಶುರುಮಾಡಿದಳು. "ಚಿತ್ರ ಬರೆದಾಕೆಯ ಅಕ್ಕನ ಮಗಳು ಇದ್ದಾರೆ. ಚಿತ್ರ ಈಗ ಅವರದು. ಮೇಳಕ್ಕೆ ಕಳಿಸೋ ಮುಂಚೆ ವರದಿ ಬರೆಯೋಕೆ ಅವರ ಮನೆಗೆ ಹೋಗಿದ್ದೆ. ಗಾಜು ತೆಗೆಯೋಕೆ ಬಿಡಲಿಲ್ಲ ಆ ಅಜ್ಜಿ. ಚಿಕ್ಕಮ್ಮ ತಾನೇ ಕೂರಿಸಿದ ಗಾಜು, ಊರಿಗೆ ಹೋದ ಮೇಲೆ ಏನಾದರೂ ಮಾಡ್ಕೋ, ನನ್ನ ಕಣ್ಣೆದುರು ಬೇಡ ಅಂದರು. ಗಾಜಿನ ಮೇಲೇ ಹಾಳೆ ಇಟ್ಟು ಗುರುತು ಮಾಡ್ಕೊಂಡೆ. ಫೋಟೋನೂ ಹಾಗೇ ತೆಗೆದೆ. ಗೀರಿನ ನೆರಳು ಬಣ್ಣದ ಮೇಲೆ ಬಿದ್ದಿತ್ತು. ಬಿರುಕು ಅಂತ ಬರೆದುಬಿಟ್ಟೆ."

"ಅದರಲ್ಲಿ ಅಷ್ಟು ದೊಡ್ಡ ತಪ್ಪೇನು?"

"ಗಾಜಿನ ಹೊರಗಿನಿಂದ ನೋಡಿದ್ದು ಅಂತ ಒಂದು ಸಾಲು ಬರೀಬೇಕು ಮೇಡಂ. ನಮ್ಮ ಕೆಲಸದಲ್ಲಿ ಮೊದಲ ದಿನ ಕಲಿಸೋದೇ ಅದು. ಆ ಸಾಲು ಮರೆತೆ." ಅವಳು ಮೂಗು ಒರೆಸಿಕೊಂಡಳು. "ಮಂಗಳವಾರ ಮಾವ ಇಲ್ಲಿ ಗಾಜು ಎತ್ತಿದರು. ಬಿರುಕೂ ಗಾಜಿನ ಜೊತೆ ಎದ್ದುಬಂತು. ನನಗೆ ಭೂಮಿ ಬಾಯಿಬಿಡಬಾರದಾ ಅನ್ನಿಸಿತು. ಹೊಸ ವರದಿ ಬರೆದೆ. ನನ್ನ ಹತ್ತಿರ ಇದ್ದ ಹಳೇ ಪ್ರತಿ, ಫೋಟೋ ಎಲ್ಲ ಹರಿದುಹಾಕಿದೆ. ಗೊತ್ತಾದರೆ ಇನ್ನು ಯಾರು ನನ್ನ ಕೈಗೆ ಚಿತ್ರ ಕೊಡ್ತಾರೆ?"

"ಒಳ್ಳೆ ಕೆಲಸಗಾರ್ತಿ ತಾಯಿ ಅವಳು," ಮೊಳೆ ಮಾವ ನಡುವೆ ಬಾಯಿಹಾಕಿದ. "ಹನ್ನೆರಡು ವರ್ಷದಲ್ಲಿ ಒಂದು ತಪ್ಪು. ನಾನು ಎಷ್ಟು ಗೋಡೆ ಕೆಡಿಸಿದ್ದೀನಿ ಗೊತ್ತಾ? ನನ್ನನ್ನ ಯಾರಾದ್ರೂ ಕೆಲಸದಿಂದ ತೆಗೆದ್ರಾ?"

"ಅದಕ್ಕೇ ಬಾಯಿ ಬಿಡಲಿಲ್ಲ ನೀವು."

"ಬೆಳಿಗ್ಗೆ ಆ ಬಿರುಕು ನೋಡಿ ಎದೆ ಧಸಕ್ಕೆಂದಿತು, ಕೂಗಿಬಿಟ್ಟೆ. ಆಮೇಲೆ ನೆನಪಾಯ್ತು, ಬಿರುಕಿನ ಮಾತೆತ್ತಿದರೆ ಅದು ಎಲ್ಲಿಂದ ಬಂತು ಅಂತ ಕೆದಕ್ತಾರೆ, ಹಳೇ ವರದಿ ಹೊರಬಂದು ಇವಳ ಕುತ್ತಿಗೆಗೆ ಬರುತ್ತೆ ಅಂತ. ನನ್ನದೇನು, ಇನ್ನೆರಡು ವರ್ಷದ ಕೆಲಸ. ಜೈಲಲ್ಲೂ ಗೋಡೆ ಇರುತ್ತಲ್ಲ."

"ಮಾವ, ಸಾಕು ಸುಮ್ನಿರಿ," ಎಂದು ಸೊಸೆ ಅಳುತ್ತಲೇ ಗದರಿದಳು.

ಹತ್ತೂ ಐವತ್ತು.

ವಿಮೆ ಮೇಡಂ ಕಾಗದ ತೆಗೆದು ಅವಳ ಕೈಗೆ ಕೊಟ್ಟಳು. "ಇಷ್ಟನ್ನೂ ಬರೆದು ಸಹಿ ಹಾಕಿ. ಆ ಸಾಲು ಮರೆತದ್ದೂ ಸೇರಿ. ನಿಮಗೆ ಕಷ್ಟವಾಗುತ್ತೆ, ಇಲ್ಲ ಅನ್ನಲ್ಲ. ಆದರೆ ಮಾವನಿಗೆ ಗೊತ್ತಾದ ದಾರಿ ಕಳ್ಳತನದ್ದಲ್ಲ ಅಂತ ಇದರಿಂದಲೇ ತಿಳಿಯೋದು."

ಸೊಸೆ ಗೋಡೆಗೇ ಕಾಗದ ಆನಿಸಿ ಬರೆದಳು. ಕೈ ತಡವರಿಸಲಿಲ್ಲ.

"ಇನ್ನೊಂದು. ನಕಲುಗಾರನಿಗೆ ಸಿಕ್ಕಿದ್ದು ಆ ಮೊದಲ ವರದಿ. ಅದು ಎಷ್ಟು ಜನರ ಕೈಗೆ ಹೋಗಿತ್ತು?"

"ಅಜ್ಜಿ ಕಾಗದ ಏನೂ ಬೇಡ ಅಂದರು. ಮೇಳಕ್ಕೆ ಹೊಸದು ಮಾತ್ರ ಕೊಟ್ಟದ್ದು. ಹಳೇದು ಹೋದದ್ದು ಒಂದೇ ಕಡೆ."

"ಎಲ್ಲಿಗೆ?"

ಸೊಸೆ ಬರೆಯುವುದನ್ನು ನಿಲ್ಲಿಸಿದಳು. ಬೆಳಿಗ್ಗೆಯಿಂದ ಅವಳ ಕಣ್ಣಿನಲ್ಲಿದ್ದದ್ದು ನಾಚಿಕೆಯಷ್ಟೇ ಎಂದು ವಿಮೆ ಮೇಡಂ ತಿಳಿದಿದ್ದಳು. ಈಗ ಹತ್ತಿರದಿಂದ ನೋಡಿದರೆ ಬೇರೇನೋ ಇತ್ತು. ಹೆದರಿಕೆ.

"ನೀವು ಯಾಕೆ ಹೀಗೆ ಕೇಳ್ತಿದ್ದೀರಿ?" ಎಂದಳು ಸೊಸೆ. "ಬೆಳಿಗ್ಗೆಯಿಂದ ಅದನ್ನೇ ಯೋಚಿಸ್ತಿದ್ದೀನಿ. ಗೊತ್ತಿಲ್ಲದವರ ಹಾಗೆ ಯಾಕೆ ಕೇಳ್ತಾರೆ ಇವರು ಅಂತ."

"ಅಂದರೆ?"

"ವಿಮೆ ಕಂಪನಿಗೆ ಮೇಡಂ. ವಿಮೆ ಮಾಡಿಸೋಕೆ ಅಂತ. ಕೌಂಟರಿನಲ್ಲಿ ಕೊಟ್ಟುಬಂದೆ, ವಾರದ ಮೇಲೆ ರಸೀದಿ ಅಂಚೆಯಲ್ಲಿ ಬಂತು." ಅವಳು ಚೀಲದ ಒಳಜೇಬಿಗೆ ಕೈಹಾಕಿದಳು. "ತಗೊಂಡದ್ದು ನೀವೇ ಅಲ್ವಾ?"

ಅಂಗೈಯಗಲದ ಚೀಟಿ. ಮೇಲೆ ಕಂಪನಿಯ ಮೊಹರು. ಸ್ಥಿತಿ ವರದಿ ತಲುಪಿದೆ ಎಂಬ ಒಂದು ಸಾಲು. ತಾರೀಖು ನಾಲ್ಕು ತಿಂಗಳ ಹಿಂದಿನ ಹದಿನೇಳು. ಕೆಳಗೆ ಸಹಿ.

ಅವಳ ಸಹಿ.

ವಿಮೆ ಮೇಡಂ ಅದನ್ನು ಬೆಳಕಿಗೆ ಹಿಡಿದಳು. ಮೊದಲ ಅಕ್ಷರದ ದುಂಡು, ನಡುವೆ ಪೆನ್ನು ಎತ್ತುವ ಜಾಗ, ಕೊನೆಯಲ್ಲಿ ಮೇಲಕ್ಕೆ ಚಿಮ್ಮುವ ಗೆರೆ. ಆ ಗೆರೆಯ ತುದಿಯಲ್ಲಿ ಅವಳು ಯಾವಾಗಲೂ ಒಂದಿಷ್ಟು ಒತ್ತುತ್ತಿದ್ದಳು, ಯಾಕೆಂದು ಅವಳಿಗೇ ಗೊತ್ತಿರಲಿಲ್ಲ. ಒತ್ತಿದ್ದೂ ಅಲ್ಲಿತ್ತು. ಕೋರ್ಟಿನಲ್ಲಿ ನಿಲ್ಲಿಸಿ ಕೇಳಿದ್ದರೆ ನನ್ನದೇ ಎಂದು ಆಣೆಯಿಟ್ಟು ಹೇಳಿಬಿಡುತ್ತಿದ್ದಳು.

ಹದಿನೇಳರಂದು ಅವಳು ಊರಲ್ಲೇ ಇರಲಿಲ್ಲ. ದೂರದ ಸುಟ್ಟ ಹತ್ತಿ ಗೋದಾಮೊಂದರ ಬೂದಿ ಕೆದಕುತ್ತಿದ್ದಳು. ಒಬ್ಬಳೇ.

ಈ ಚೀಟಿಯನ್ನು ಅವಳು ಎಂದೂ ಕಂಡಿರಲಿಲ್ಲ. ಆ ವರದಿಯನ್ನೂ. ಇವತ್ತು ಬೆಳಿಗ್ಗೆ ಆಫೀಸಿನಿಂದ ತಂದ ಕಡತದಲ್ಲಿ ಇದ್ದದ್ದು ಎರಡನೇ ವರದಿಯೊಂದೇ.

ಅವಳ ಬೆನ್ನಿನ ಮೇಲೆ ಕೂದಲು ನಿಮಿರಿತು. ಹೆದರಿಕೆಗೆ ಮುಂಚೆ ಬಂದದ್ದು ಬೆರಗು. ಅದಕ್ಕೆ ಅವಳಿಗೆ ನಾಚಿಕೆಯೂ ಆಯಿತು. ಎಷ್ಟು ಚೆಂದ ಹಾಕಿದ್ದಾರೆ.

"ನೀವೇ ಅಂತ ಹೆದರಿಕೊಂಡೇ ಬಾಯಿ ಬಿಡಲಿಲ್ಲ ನಾನು," ಎಂದಳು ಸೊಸೆ.

ಮೊಳೆ ಮಾವ ಅವರಿಬ್ಬರನ್ನೂ ನೋಡಿದ.

ಆಚೆ ತುದಿಯಿಂದ ಇನ್ಸ್‌ಪೆಕ್ಟರ್ ಬರುತ್ತಿದ್ದರು, ಪಕ್ಕದಲ್ಲಿ ನಿರ್ದೇಶಕರು. ಬೂಟಿನ ಸದ್ದು ಹಾಲ್ ತುಂಬ ಮೊಳಗುತ್ತಿತ್ತು. ಇನ್ಸ್‌ಪೆಕ್ಟರ್ ನೇರ ಬಂದು ಮೊಳೆ ಮಾವನ ತೋಳು ಹಿಡಿದರು. ಒರಟಾಗಿಯಲ್ಲ, ಬಿಡದ ಹಾಗೆ.

"ಹೊತ್ತಾಯ್ತು ಮೇಡಂ. ಏನಾದರೂ ಸಿಕ್ಕಿತಾ?"

ವಿಮೆ ಮೇಡಂನ ಒಂದು ಕೈಯಲ್ಲಿ ಸೊಸೆಯ ಹೇಳಿಕೆಯಿತ್ತು, ಇನ್ನೊಂದರಲ್ಲಿ ಚೀಟಿ. ಹೇಳಿಕೆ ಒಂದನ್ನೇ ಕೊಡಬಹುದಿತ್ತು. ಮಾವನನ್ನು ಉಳಿಸಲು ಸೊಸೆ ಕಟ್ಟಿದ ಕಥೆ ಎಂದು ಅವರು ಅದನ್ನು ಮಡಿಸಿ ಜೇಬಿಗೆ ಹಾಕಿಕೊಳ್ಳುತ್ತಿದ್ದರು, ಮುದುಕನನ್ನು ಕರೆದುಕೊಂಡು ಹೋಗುತ್ತಿದ್ದರು. ಮೊದಲ ವರದಿ ಎಂಬುದೊಂದು ಇತ್ತು ಅನ್ನುವುದಕ್ಕೆ ಈ ಲೋಕದಲ್ಲಿ ಉಳಿದಿದ್ದ ಸಾಕ್ಷಿ ಆ ಚೀಟಿಯೊಂದೇ.

ಮೊಳೆ ಮಾವ ಅವಳ ಕಡೆ ನೋಡಿ ಸಣ್ಣಗೆ ತಲೆಯಾಡಿಸಿದ. ಪರವಾಗಿಲ್ಲ ಬಿಡಿ ತಾಯಿ, ಎನ್ನುವ ಹಾಗೆ.

ಅವಳು ಎರಡನ್ನೂ ಇನ್ಸ್‌ಪೆಕ್ಟರ್ ಕೈಗಿಟ್ಟಳು.

ಅವರು ನಿಂತಲ್ಲೇ ಓದಿದರು. ಗಾಜು ನೋಡಿದರು, ಬಿರುಕು ನೋಡಿದರು. ಚೀಟಿಯನ್ನು ಮಾತ್ರ ಮೂರು ಸಲ ನೋಡಿದರು.

"ಇದು ಯಾರ ಸಹಿ ಮೇಡಂ?"

"ನನ್ನದರ ಹಾಗೇ ಇದೆ. ಹಾಕಿದ್ದು ನಾನಲ್ಲ."

"ಹಾಗಾದರೆ," ಇನ್ಸ್‌ಪೆಕ್ಟರ್ ಜೇಬಿನಿಂದ ಪೆನ್ನು ತೆಗೆದು, ಸೊಸೆಯ ಹೇಳಿಕೆಯನ್ನು ತಿರುವಿ, ಅದರ ಮೇಲೆ ಚೀಟಿಯಿಟ್ಟು ಮುಂದೆ ಹಿಡಿದರು. "ಕೆಳಗೆ ಒಂದು ಹಾಕಿ. ನೋಡೋಣ."

ಹನ್ನೊಂದು ಹೊಡೆಯಿತು. ಹೊರಬಾಗಿಲು ತೆರೆದ ಸದ್ದು. ಜನ ಒಳನುಗ್ಗಿದರು, ಮೊದಲ ಸಾಲಿನವರು ಏಳು ಬಾಗಿಲುಗಳ ಮುಂದೆ ಬಂದು ಒಮ್ಮೆಗೇ ಮೌನವಾದರು. ಯಾರೋ ಒಬ್ಬಾಕೆ ಎದೆಯ ಮೇಲೆ ಕೈಯಿಟ್ಟುಕೊಂಡು "ಅಬ್ಬಾ" ಎಂದಳು.

ವಿಮೆ ಮೇಡಂ ಪೆನ್ನು ಹಿಡಿದು ಹೆಸರು ಬರೆದಳು. ಬಾಲ್ಯದಿಂದ ಹಾಕಿದ ಸಹಿ. ಇಷ್ಟೊಂದು ಕಣ್ಣುಗಳ ಮುಂದೆ ಅದು ದುಂಡಿನಲ್ಲಿ ಸೊಟ್ಟಗಾಯಿತು, ಚಿಮ್ಮಬೇಕಾದ ಗೆರೆ ಅರ್ಧಕ್ಕೆ ನಡುಗಿ ನಿಂತಿತು.

ಇನ್ಸ್‌ಪೆಕ್ಟರ್ ಕೆಳಗಿನದನ್ನು ನೋಡಿದರು, ಮೇಲಿನದನ್ನು ನೋಡಿದರು. ಅವಳೂ ನೋಡಿದಳು. ಎರಡರಲ್ಲಿ ಮೇಲಿನದೇ ಹೆಚ್ಚು ಅವಳದಾಗಿತ್ತು; ಕೆಳಗಿನದು ಬೇಕೆಂದೇ ಸೊಟ್ಟಗೆ ಹಾಕಿದ ಹಾಗಿತ್ತು.

ಅವರು ಮೊಳೆ ಮಾವನ ತೋಳು ಬಿಟ್ಟು, ಒಂದು ಹೆಜ್ಜೆ ಸರಿದು, ಅವಳ ಪಕ್ಕ ಬಂದು ನಿಂತರು.